ಹೇಳದೆ ಉಳಿದ ಗರ

ಮುದ್ದಣ್ಣನ ಮಗಳು ದೇವೀರಿ ನಮ್ಮ ಅಕ್ಕನ ಹೊಸ್ತಿಲ ಮೇಲೆ ಗೊಂಬೆ ಇಟ್ಟ ಬೆಳಿಗ್ಗೆ ನಾನೂ ಅಕ್ಕನೂ ಹಿತ್ತಲಲ್ಲಿ ಸುಣ್ಣದ ಗೂಡಿಗೆ ಚಿಪ್ಪು ತುಂಬುತ್ತಿದ್ದೆವು. ಒಂದು ಪದರ ಇದ್ದಿಲು, ಅದರ ಮೇಲೆ ಹೊಳೆಯಿಂದ ಬಾಚಿ ತಂದ ಚಿಪ್ಪು, ಮತ್ತೆ ಇದ್ದಿಲು. ಕುಡಿಯಲು ನೀರು ತರೋಣವೆಂದು ನಾನು ಒಳಗೆ ಹೋದೆ. ಹೊಸ್ತಿಲ ನಡುವೆ ಗೇಣುದ್ದದ ಮರದ ಗೊಂಬೆ ಮನೆಯ ಒಳಕ್ಕೆ ಮುಖ ಮಾಡಿ ನಿಂತಿತ್ತು. ನನ್ನ ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು.

ಸದ್ದು ಕೇಳಿ ಅಕ್ಕ ಬಂದಳು. ಗೊಂಬೆಯನ್ನು ನೋಡಿದಳು, ಬೀದಿಯಲ್ಲಿ ಸೆಟೆದು ನಿಂತಿದ್ದ ದೇವೀರಿಯನ್ನೂ ನೋಡಿದಳು. ಪಟದ ಆಟಕ್ಕೆ ಕರೆಯುವುದು ಹೀಗೇ. ಕರೆದವರು, ಕರೆಸಿಕೊಂಡವರು ಗೊಂಬೆ ಎತ್ತಿಕೊಳ್ಳುವವರೆಗೆ ಅಲ್ಲೇ ನಿಂತಿರಬೇಕು. ಹುಡುಗಿ ಹಾಗೆ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಾವುದಕ್ಕವ್ವಾ?" ಎಂದು ಅಕ್ಕ ಕೇಳಿದಳು.

"ನಮ್ಮಪ್ಪನ ಕಣ್ಣಿಗೆ."

ಅಕ್ಕ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ, ಗೊಂಬೆಯನ್ನು ಎತ್ತಿ ದೇವರ ಗೂಡಿನಲ್ಲಿಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ಉಳಿದ ಚಿಪ್ಪನ್ನು ತುಂಬಿದಳು.

ನಮ್ಮೂರಿನಲ್ಲಿ ಮಾತಿಗೆ ಬಗ್ಗದ ಜಗಳ ಪಟಕ್ಕೆ ಹೋಗುತ್ತದೆ. ಚಾವಡಿಯ ನೆಲಹಾಸಿನಲ್ಲಿ ಕೊರೆದ ಪಟ ಅದು. ಅದರಲ್ಲಿ ಕಾಡಿದೆ, ಹಳ್ಳವಿದೆ, ಏರಲಾಗದ ಗುಡ್ಡವಿದೆ, ಒಂದು ಮುರುಕಲು ಕೋಟೆಯಿದೆ. ಜಗಳವಾಡಿದವರು ಎದುರುಬದುರು ಕೂತು ತಮ್ಮ ತಮ್ಮ ಗೊಂಬೆಯನ್ನು ಅದರಲ್ಲಿ ನಡೆಸುತ್ತಾರೆ. ಪಟ ನೋಡಿಕೊಳ್ಳುವ ಈರಾಚಾರ್ರು ಪಕ್ಕದಲ್ಲಿ ಕೂತು, ಹಳ್ಳ ಉಕ್ಕಿದೆ, ಮುಂದೆ ಮುಳ್ಳಿದೆ, ಏನು ಮಾಡುತ್ತೀಯ ಎಂದು ಕೇಳುತ್ತಾರೆ. ಕೂತವರು ಗೊಂಬೆಯ ಬಾಯಾಗಿ ಉತ್ತರ ಕೊಡುತ್ತಾರೆ: ದಾಟಿದೆ, ಅಡಗಿದೆ, ಈಟಿ ಎತ್ತಿದೆ. ಏಟಿನ ಹೊತ್ತಿಗೆ ಎರಡು ದಾಳ ಉರುಳಿಸಿ, ಗರ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು, ಮೈಯ ಯಾವ ಭಾಗಕ್ಕೆ ಎಂದೂ ಹೇಳಬೇಕು. ಇಬ್ಬರ ಮುಂದೆಯೂ ಹರಳಿನ ಗುಪ್ಪೆ ಇರುತ್ತದೆ. ಹೇಳಿದಷ್ಟು ಹರಳನ್ನು ಈರಾಚಾರ್ರು ಎದುರಾಳಿಯ ಗುಪ್ಪೆಯಿಂದ ತೆಗೆಯುತ್ತಾರೆ. ಏಟು ಬೀಳುವುದು ಗೊಂಬೆಗಲ್ಲ, ಕೂತವರ ಮೈಗೆ. ಒಂದೋ ಎರಡೋ ಆದರೆ ಚುರ್ ಎಂದು ಹೋಗುತ್ತದೆ. ಐದಾರು ಆದರೆ ಹಾಸಿಗೆ ಹಿಡಿಯಬೇಕು. ಅದಕ್ಕೂ ಮೇಲಾದರೆ ಹೇಳಿದ ಅಂಗ ಹೋಗುತ್ತದೆ, ಮರಳಿ ಬರುವುದಿಲ್ಲ.

ಬೇಲಿಯದೋ ಬದುವಿನದೋ ಜಗಳವಾದರೆ ಸಾಕಾದವರು ನಡುವೆಯೇ ಎದ್ದುಬಿಡಬಹುದು. ಎದ್ದವರು ಸೋತ ಹಾಗೆ, ಮೈ ಉಳಿಯುತ್ತದೆ. ಆದರೆ ಕಳೆದುಹೋದ ಅಂಗಕ್ಕಾಗಿ ಕರೆದ ಆಟದಲ್ಲಿ ಆ ಸೌಲಭ್ಯವಿಲ್ಲ. ಒಬ್ಬರ ಹರಳು ಮುಗಿಯಬೇಕು. ಹರಳು ಮುಗಿದವರ ಉಸಿರೂ ಅಲ್ಲೇ ಮುಗಿಯುತ್ತದೆ. ದೇವೀರಿ ಕರೆದದ್ದು ಅಂಥ ಆಟಕ್ಕೆ.

ನಮ್ಮ ಅಕ್ಕ ಗುರುವಕ್ಕ ಒಂದು ಕಾಲದಲ್ಲಿ ಪಟದಲ್ಲಿ ದೊಡ್ಡ ಹೆಸರು. ಗಂಡ ತೀರಿಕೊಂಡ ಮೇಲೆ ಸುಣ್ಣದ ಗೂಡನ್ನು ಒಬ್ಬಳೇ ನಡೆಸಿದವಳು. ಕೂರಲು ಧೈರ್ಯವಿಲ್ಲದ ಮುದುಕರು, ವಿಧವೆಯರು ಬಂದು ಕೇಳಿಕೊಂಡರೆ ಅವರ ಜಾಗದಲ್ಲಿ ತಾನು ಹೋಗಿ ಕೂರುತ್ತಿದ್ದಳು. ಏಟು ತನ್ನ ಮೈಗೇ ಬೀಳುತ್ತದೆಂದು ಗೊತ್ತಿದ್ದೂ ಕೂರುತ್ತಿದ್ದಳು. ಅವಳ ಕೈಗೆ ದಾಳ ಒಲಿದಿತ್ತು. ಗರ ಬಿದ್ದ ಕೂಡಲೇ, ದಾಳ ಇನ್ನೂ ಅಲುಗುತ್ತಿರುವಾಗಲೇ, ಅಷ್ಟೂ ಹೇಳಿಬಿಡುತ್ತಿದ್ದಳು. ಜನ ಅದನ್ನು ನೋಡಲೆಂದೇ ಸೇರುತ್ತಿದ್ದರು. ಬಿದ್ದಷ್ಟೂ ಹೇಳುವುದು ನಮ್ಮಲ್ಲಿ ಮರ್ಯಾದೆ. ಎಲ್ಲರೂ ಹಾಗೇ ಹೇಳುತ್ತಿದ್ದರು.

ಬುಟ್ಟಿ ಹೆಣೆಯುವ ಮುದ್ದಣ್ಣನಿಗೂ ಪಕ್ಕದ ಮನೆಯ ಸಣ್ಣಮ್ಮನಿಗೂ ಒಂದು ಬಿದಿರು ಮೆಳೆಯ ಬಗ್ಗೆ ತಕರಾರು ಬಂತು. ಸಣ್ಣಮ್ಮ ಗಂಡನಿಲ್ಲದವಳು, ಅಳುತ್ತಾ ಬಂದಳು. ಅಕ್ಕ ಅವಳ ಪರವಾಗಿ ಕೂತಳು. ಆಟ ಹೆಚ್ಚು ಹೊತ್ತು ನಡೆಯಲಿಲ್ಲ. ಮುದ್ದಣ್ಣನಿಗೆ ಅಷ್ಟರಲ್ಲೇ ಸಾಕಾಗಿತ್ತು. ಅಕ್ಕನ ದಾಳ ಒಂಬತ್ತು ತೋರಿಸಿತು. "ಒಂಬತ್ತು, ಕಣ್ಣಿಗೆ" ಎಂದಳು ಅಕ್ಕ. ಮುದ್ದಣ್ಣ ಕೂಗಲಿಲ್ಲ. ಕೈಯಿಂದ ಗಾಳಿಯಲ್ಲಿ ಏನೋ ಹುಡುಕಿದ. ಅವನ ಹಿಂದೆ ಕೂತಿದ್ದ ಪುಟ್ಟ ದೇವೀರಿ, ಅಪ್ಪ ಆಟವಾಡುತ್ತಿದ್ದಾನೆ ಎಂದುಕೊಂಡು ನಕ್ಕಳು. ಆ ನಗು ನಮ್ಮೆಲ್ಲರಿಗೂ ಕೇಳಿಸಿತು.

ಅದಾದ ಮೇಲೆ ಅಕ್ಕ ಯಾರ ಪರವಾಗಿಯೂ ಪಟಕ್ಕೆ ಕೂರಲಿಲ್ಲ. ಕೇಳಲು ಬಂದವರಿಗೆ, ನನ್ನ ಕೈ ಈಗ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಸುಣ್ಣ ಬುಟ್ಟಿಯನ್ನು ಬೇಗ ತಿಂದುಹಾಕುತ್ತದೆ. ನಮ್ಮ ಬುಟ್ಟಿಗಳೆಲ್ಲ ಮುದ್ದಣ್ಣ ಹೆಣೆದವು. ಅವು ಒಂದೊಂದಾಗಿ ಹರಿದ ಮೇಲೆ ಹೊಸದು ತರಲು ಅವಳಿಂದ ಆಗಲಿಲ್ಲ. ಹಳೇ ಸೀರೆಯಲ್ಲಿ ಗಂಟು ಕಟ್ಟಿ ಸುಣ್ಣ ಹೊತ್ತಳು, ಹೆಗಲು ಸುಟ್ಟುಕೊಂಡಳು. ಮುದ್ದಣ್ಣ ಕಣ್ಣಿಲ್ಲದೆಯೂ ಬುಟ್ಟಿ ಹೆಣೆಯುತ್ತಿದ್ದ. ಸಂತೆಯ ದಿನ ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ನಮ್ಮ ಬೀದಿಯಲ್ಲೇ ಹೋಗುತ್ತಿದ್ದ. ಆ ಹೆಗಲು ವರ್ಷ ವರ್ಷಕ್ಕೂ ಎತ್ತರವಾಗುತ್ತಾ ಬಂತು. ಅವನ ಕೈಯೂ ಅದರ ಜೊತೆ ಮೇಲೇರುತ್ತಾ ಬಂತು.

ಗೊಂಬೆ ಬಂದ ಮಾರನೆಯ ದಿನ ಮುದ್ದಣ್ಣ ಒಬ್ಬನೇ, ಕೋಲೂರಿಕೊಂಡು, ಗೂಡಿನ ಹತ್ತಿರ ಬಂದ.

"ಗುರುವಿ, ಇದೀಯಾ?"

"ಇದೀನಿ ಮುದ್ದಣ್ಣ. ಎಡಕ್ಕೆ ಬಾ, ಬಲಗಡೆ ಬಿಸಿ ಬೂದಿ ಐತೆ."

ಅವನು ನಿಂತಲ್ಲೇ ನಿಂತ. "ನಾನು ಬ್ಯಾಡ ಅಂದೆ ಕಣೆ. ಬೈದೆ, ಅತ್ತೆ. ಅವ್ಳು ಕೇಳ್ಲಿಲ್ಲ."

"ಕೇಳೋ ವಯಸ್ಸಲ್ಲ ಅದು."

"ನಿನ್ನ ಗರ ಎಂಥದ್ದು ಅಂತ ನಂಗಿಂತ ಇನ್ಯಾರಿಗೆ ಗೊತ್ತು? ಅವ್ಳು ದಾಳ ಮುಟ್ಟಿದೋಳಲ್ಲ. ನಂಗಿರೋದು ಅವ್ಳೇ."

ಅಕ್ಕ ಮಣೆ ಎಳೆದು ಅವನ ಕಾಲಿಗೆ ತಾಗುವ ಹಾಗೆ ಇಟ್ಟಳು. ಅವನು ಕೂತ. ಅಕ್ಕನೂ ಎದುರಿಗೆ ನೆಲದ ಮೇಲೆ ಕೂತಳು. ನಾನು ಅಲ್ಲಿಂದ ಎದ್ದು ಹೋಗಬೇಕಿತ್ತೇನೋ. ಹೋಗಲಿಲ್ಲ.

"ಮುದ್ದಣ್ಣ, ಅವತ್ತು ನೀನು ಎದ್ದುಬಿಡಣ ಅಂತ ನೆಲಕ್ಕೆ ಕೈ ಊರಿದ್ದೆ, ಅಲ್ವಾ?"

"ಊರಿದ್ದೆ."

"ನಾನದನ್ನ ನೋಡಿದ್ದೆ."

"ಗೊತ್ತು."

"ಹೆಂಗೆ ಗೊತ್ತು?"

"ನಾನು ಕೊನೇಗೆ ಕಂಡಿದ್ದೇ ನಿನ್ನ ಮುಖ ಗುರುವಿ."

ಗೂಡಿನೊಳಗೆ ಚಿಪ್ಪು ಸಿಡಿಯಿತು. ಆಮೇಲೆ ಅಕ್ಕ ಎದ್ದು ಅವನ ಕೋಲನ್ನು ಅವನ ಕೈಗೆ ಕೊಟ್ಟಳು. "ನಿನ್ನ ಮಗಳು ತನ್ನ ಕಾಲ ಮೇಲೆ ನಡಕೊಂಡು ಮನೆಗೆ ಬತ್ತಾಳೆ. ಹೋಗು" ಎಂದಳು.

ಆಟದ ದಿನ ಚಾವಡಿ ತುಂಬಿತ್ತು. ಪಟಕ್ಕೆ ಕೂತವರ ಹಿಂದೆ ಅವರ ಕಡೆಯ ಒಬ್ಬರು ಜೊತೆಗೆ ಕೂರಬೇಕು, ಮೈ ಜಾರಿದರೆ ಹಿಡಿದುಕೊಳ್ಳಲು. ಅಕ್ಕನ ಹಿಂದೆ ನಾನು ಕೂತೆ. ದೇವೀರಿಯ ಹಿಂದೆ ಮುದ್ದಣ್ಣ. ಕಾಣದವನು ಏನು ಹಿಡಿಯುತ್ತಾನೆ ಎಂದು ಯಾರೋ ಅಂದರು. ದೇವೀರಿ ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡರು.

ದೇವೀರಿಯ ಗೊಂಬೆ ಕುಡುಗೋಲು ಹಿಡಿದ ಹೆಣ್ಣು. ಅಕ್ಕನದು ಹಳೆಯ ಕತ್ತಿಯಾಳು, ಬಣ್ಣವೆಲ್ಲ ಉದುರಿತ್ತು. ಈರಾಚಾರ್ರು ಇಬ್ಬರ ಮುಂದೆಯೂ ಹರಳಿನ ಗುಪ್ಪೆ ಸುರಿದು, ಗೊಂಬೆಗಳನ್ನು ಹಳ್ಳದ ಆಚೆ ಈಚೆ ನಿಲ್ಲಿಸಿದರು. ಕರೆಸಿಕೊಂಡವರದು ಮೊದಲ ಗರ.

ಅಕ್ಕನ ದಾಳ ಹನ್ನೊಂದು ತೋರಿಸಿತು. ಜನ ಉಸಿರೆಳೆದುಕೊಂಡರು. ಮುದ್ದಣ್ಣನಿಗೆ ಆ ಉಸಿರು ಕೇಳಿಸಿರಬೇಕು, ಮಗಳ ಬೆನ್ನಿನ ಮೇಲೆ ಅಂಗೈ ಇಟ್ಟ.

"ಹಳ್ಳ ದಾಟಿದೆ. ಕತ್ತಿ ಎತ್ತಿದೆ" ಎಂದಳು ಅಕ್ಕ. "ಅಲಗು ಮಗುಚಿ, ಮೊಂಡು ಕಡೆಯಿಂದ ತಟ್ಟಿದೆ. ಒಂದು. ಭುಜಕ್ಕೆ."

ನನಗೆ ತಪ್ಪಾಗಿ ಕೇಳಿಸಿತು ಎಂದುಕೊಂಡೆ. ದೇವೀರಿ ಭುಜ ಮುಟ್ಟಿಕೊಂಡಳು, ಇರುವೆ ಕಚ್ಚಿದವರ ಹಾಗೆ. ಆಮೇಲೆ ಚಾವಡಿಯಲ್ಲಿ ಗಲಾಟೆ ಎದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬೋರಯ್ಯ. ಅವನು ವರ್ಷಕ್ಕೊಮ್ಮೆಯಾದರೂ ಯಾರನ್ನಾದರೂ ಪಟಕ್ಕೆ ಕರೆಯುವವನು.

"ಇದು ಮೋಸ! ಬಿದ್ದಿದ್ದು ಹೇಳ್ಬೇಕು. ಆಚಾರ್ರೇ, ನೀವೇನು ನೋಡ್ತಾ ಕೂತಿದೀರಾ?"

ಈರಾಚಾರ್ರು ಗಡ್ಡ ಕೆರೆದುಕೊಂಡು ಬಹಳ ಹೊತ್ತು ದಾಳಗಳನ್ನೇ ನೋಡಿದರು. "ಬಿದ್ದದ್ದಕ್ಕಿಂತ ಹೆಚ್ಚು ಹೇಳ್ಬಾರದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಕಮ್ಮಿ ಹೇಳ್ಬಾರದು ಅಂತ ಹೇಳಿರಲಿಲ್ಲ. ಅಂಥದ್ದು ಯಾರೂ ಮಾಡಿರ್ಲಿಲ್ಲ, ಅದಕ್ಕೆ ಹೇಳೋ ಹೊತ್ತೇ ಬರ್ಲಿಲ್ಲ ಅಂತ ಕಾಣುತ್ತೆ" ಎಂದು ದೇವೀರಿಯ ಗುಪ್ಪೆಯಿಂದ ಒಂದೇ ಒಂದು ಹರಳು ತೆಗೆದರು.

ದೇವೀರಿಯ ಮುಖ ಕೆಂಪಾಗಿತ್ತು. "ಹನ್ನೊಂದು ಬಿದ್ದೈತೆ. ಹನ್ನೊಂದೂ ಹೇಳು."

"ಹೇಳೋ ಬಾಯಿ ನಂದು."

"ನಿನ್ನ ಭಿಕ್ಷೆ ನಂಗೆ ಬ್ಯಾಡ."

"ಭಿಕ್ಷೆ ಅಲ್ಲ ಕಣವ್ವ. ನಂಗೆ ಬೇಕಾದಷ್ಟು ನಾನು ಹೊಡೀತಿದೀನಿ. ನಿಂಗೆ ಬೇಕಾದಷ್ಟು ನೀನು ಹೊಡಿ."

ದೇವೀರಿ ಹೊಡೆದಳು. ಅವಳ ಮೊದಲ ಗರವೇ ಎಂಟು. "ನಮ್ಮಪ್ಪ ಮುಳ್ಳುಬೇಲಿಗೆ ಬಿದ್ದು ಮೈಯೆಲ್ಲ ಕಿತ್ತುಕೊಂಡಿದ್ದಕ್ಕೆ. ಎಂಟು. ಎಡಗಿವಿಗೆ." ಅಕ್ಕನ ತಲೆ ಒಂದು ಕಡೆಗೆ ವಾಲಿತು. ನಾನು ಹಿಡಿದುಕೊಂಡೆ. ಕಿವಿಯ ಹತ್ತಿರ ಬಾಯಿಟ್ಟು "ಅಕ್ಕಾ" ಎಂದೆ. ಅವಳು ತಿರುಗಲಿಲ್ಲ.

ಮತ್ತೆ ಅಕ್ಕನ ಸರದಿ. ಒಂಬತ್ತು ಬಿತ್ತು. "ಒಂದು. ಮೊಣಕೈಗೆ." ದೇವೀರಿಯದು ಏನೋ ಸಣ್ಣ ಗರ, ಅದನ್ನೂ ಅಷ್ಟಕ್ಕಷ್ಟೂ ಹೇಳಿದಳು. ಅಕ್ಕನದು ಹತ್ತು. "ಒಂದು." ಹೀಗೇ ನಡೆಯಿತು. ದೇವೀರಿ ಪ್ರತಿ ಏಟಿಗೂ ಅಪ್ಪನ ಒಂದೊಂದು ದಿನವನ್ನು ಹೇಳುತ್ತಿದ್ದಳು. ಅಪ್ಪ, ಅಮ್ಮನ ಹೆಣದ ಮುಖ ನೋಡಲಾಗದೆ ಬೆರಳಿನಿಂದ ಮುಟ್ಟಿ ನೋಡಿದ ದಿನ. ತಾನು ದೊಡ್ಡವಳಾದಾಗ ಉಟ್ಟ ಸೀರೆಯ ಬಣ್ಣ ಯಾವುದೆಂದು ಅಪ್ಪ ಊರೆಲ್ಲ ಕೇಳಿಕೊಂಡು ತಿರುಗಿದ ದಿನ. ಅಕ್ಕ ಪ್ರತಿಯೊಂದನ್ನೂ ಕೇಳಿಸಿಕೊಂಡಳು. ಎಡಗಿವಿ ಹೋಗಿದ್ದರಿಂದ ಹುಡುಗಿ ಬಾಯಿ ತೆರೆದಾಗಲೆಲ್ಲ ಕತ್ತು ಹೊರಳಿಸಿ ಬಲಗಿವಿಯನ್ನು ಅವಳ ಕಡೆಗೆ ಕೊಡುತ್ತಿದ್ದಳು. ಒಂದು ಮಾತೂ ತಪ್ಪಿಹೋಗಬಾರದು ಎನ್ನುವ ಹಾಗೆ.

ಎಡಗೈ ಹೋಯಿತು. ಬಲ ಮಂಡಿ ಹೋಯಿತು. ನಾನು ತಡೆಯಲಾರದೆ, "ಅಕ್ಕಾ, ನಿಂಗೆ ತಲೆ ಕೆಟ್ಟಿದೆಯಾ? ಒಂದು ಸಲ, ಒಂದೇ ಸಲ ಪೂರ್ತಿ ಹೇಳು" ಎಂದು ಅಳುತ್ತಾ ಬೇಡಿಕೊಂಡೆ. ಅವಳ ಬೆವರು ನನ್ನ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. "ಬೆನ್ನು ಸರಿಯಾಗಿ ಹಿಡ್ಕೊ" ಎಂದಳು, ಅಷ್ಟೇ.

ಬೇಸತ್ತ ಕೆಲವರು ಎದ್ದು ಹೋದರು. ಇದು ಪಟಕ್ಕೆ ಅವಮಾನ ಎಂದು ಬೈದುಕೊಂಡು ಹೋದವರೂ ಇದ್ದರು. ದೇವೀರಿಯ ಧ್ವನಿ ಮೊದಲಿನ ಹಾಗಿರಲಿಲ್ಲ. ಹೇಳಬೇಕೆಂದು ಕೂಡಿಟ್ಟುಕೊಂಡು ಬಂದಿದ್ದ ದಿನಗಳೆಲ್ಲ ಮುಗಿದಿರಬೇಕು, ಈಗ ಬರೀ ಎಣಿಕೆ ಹೇಳುತ್ತಿದ್ದಳು. ಅಕ್ಕನ ಮುಂದೆ ಒಂದೇ ಹರಳು ಉಳಿಯಿತು. ದೇವೀರಿಯ ಗುಪ್ಪೆ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು.

ಅಕ್ಕನ ಸರದಿ. ಎಡಗೈ ಜೋಲುತ್ತಿತ್ತು. ಬಲಗೈಯಿಂದಲೇ ದಾಳಗಳನ್ನು ಬಾಚಿಕೊಂಡು ಉರುಳಿಸಿದಳು. ಹನ್ನೆರಡು. ಪಟದಲ್ಲಿ ಅದಕ್ಕಿಂತ ದೊಡ್ಡ ಗರವಿಲ್ಲ. ಚಾವಡಿಯಲ್ಲಿ ಎಲ್ಲರೂ ಎದ್ದು ನಿಂತರು. ಒಂದು ಮಾತಿನಿಂದ ಹುಡುಗಿಯ ಕಣ್ಣೋ ಕಾಲೋ ಹೋಗುತ್ತಿತ್ತು.

"ಒಂದು" ಎಂದಳು ಅಕ್ಕ. "ಕಿರುಬೆರಳಿಗೆ."

ದೇವೀರಿ ತನ್ನ ಕಿರುಬೆರಳನ್ನು ನೋಡಿಕೊಂಡಳು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಳು. ಈರಾಚಾರ್ರು ಮೆಲ್ಲಗೆ, "ನಿನ್ನ ಸರದಿ ಮಗಳೇ" ಎಂದರು. ಅವಳು ದಾಳ ಎತ್ತಿಕೊಂಡು ಉರುಳಿಸಿದಳು. ಎರಡು ದಾಳದಲ್ಲೂ ಒಂದೊಂದೇ ಚುಕ್ಕೆ. ಇಡೀ ಆಟದಲ್ಲಿ ಬಿದ್ದ ಅತಿ ಸಣ್ಣ ಗರ. ಅದೂ ಹೆಚ್ಚೇ. ಅಕ್ಕನ ಮುಂದೆ ಇದ್ದದ್ದು ಒಂದು ಹರಳು. ದೇವೀರಿ ಎಷ್ಟೇ ಇಳಿಸಿ ಹೇಳಿದರೂ ಒಂದಕ್ಕಿಂತ ಕೆಳಗೆ ಹೇಳುವಂತಿಲ್ಲ, ಪಟದಲ್ಲಿ ಸೊನ್ನೆ ಇಲ್ಲ.

ಅವಳ ಬಾಯಿ ತೆರೆಯಿತು. ನಾನು ಅಕ್ಕನನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಅಕ್ಕ ಕತ್ತು ಹೊರಳಿಸಿ ಬಲಗಿವಿ ಕೊಟ್ಟಳು.

ಮಾತು ಬರಲಿಲ್ಲ.

"ಎಷ್ಟು ಬಿತ್ತವ್ವಾ?" ಎಂದು ಮುದ್ದಣ್ಣ ಕೇಳಿದ. "ಎಷ್ಟು ಬಿತ್ತು ಅಂತ ಹೇಳ್ರಪ್ಪಾ ಯಾರಾದ್ರೂ."

ದೇವೀರಿ ಎದ್ದು ನಿಂತಳು. ಅಪ್ಪನ ಕೈ ಹುಡುಕಿ ತನ್ನ ಹೆಗಲ ಮೇಲಿಟ್ಟುಕೊಂಡಳು. "ಮನೆಗೆ ಹೋಗಣ ಬಾಪ್ಪಾ" ಎಂದಳು.

ಆಗ ಕೂಗಿದವಳು ನಮ್ಮ ಅಕ್ಕ. ಅಷ್ಟು ಹೊತ್ತೂ ಒಂದು ಸಲ ನರಳದವಳು ಕೂಗಿಕೊಂಡಳು. "ಹೇಳವ್ವಾ! ಹೇಳಿ ಹೋಗು! ಕರೆದೋಳು ನೀನು, ಮುಗಿಸಿ ಹೋಗು!" ದೇವೀರಿ ತಿರುಗಿ ನೋಡಲಿಲ್ಲ. ಜನ ದಾರಿ ಬಿಟ್ಟರು. ಅಪ್ಪ ಮಗಳು ಚಾವಡಿಯ ಮೆಟ್ಟಿಲಿಳಿದು ಬಿಸಿಲಿಗೆ ಹೋದರು.

ಅವಳು ಸೋತಳು, ಎದ್ದು ಹೋದಳು ಎಂದು ಬೋರಯ್ಯ ವಾದಿಸಿದ. ಈರಾಚಾರ್ರು ಒಪ್ಪಲಿಲ್ಲ. "ಗರ ಬಿದ್ದಾಯ್ತು. ಮಾತು ಬಾಕಿ ಇದೆ. ಅವಳ ಬಾಯಿಂದ ಇನ್ನು ಮೊದಲು ಬರೋ ಎಣಿಕೆ ಯಾವುದೋ ಅದೇ ಏಟು. ಎರಡಕ್ಕಿಂತ ಹೆಚ್ಚು ಬಂದ್ರೂ ಎರಡು ಅಂತಲೇ ಲೆಕ್ಕ. ಚಾವಡೀಲಿ ಬಂದ್ರೂ ಅಷ್ಟೇ, ಸಂತೇಲಿ ಬಂದ್ರೂ ಅಷ್ಟೇ. ಅಲ್ಲೀತನಕ ಪಟ ಯಾರಿಗೂ ಇಲ್ಲ" ಎಂದು ಹೇಳಿ, ಗೊಂಬೆ, ದಾಳ, ಆ ಒಂದು ಹರಳು ಎಲ್ಲವನ್ನೂ ಇದ್ದ ಹಾಗೇ ಬಿಟ್ಟು ಮೇಲೊಂದು ಬಟ್ಟೆ ಮುಚ್ಚಿದರು.

ಹಾಗೆ ಶುರುವಾಯಿತು ದೇವೀರಿಯ ಆ ಬಾಳು. ಅವಳು ಎಣಿಕೆಯ ಮಾತು ಆಡುವಂತಿರಲಿಲ್ಲ. ಸಂತೆಯಲ್ಲಿ ಬುಟ್ಟಿಯ ಬೆಲೆಯನ್ನು ಬೆರಳು ತೋರಿಸಿ ಹೇಳುತ್ತಿದ್ದಳು. ಎಣಿಕೆ ಎಂದರೆ ಸಂತೆಯದ್ದಷ್ಟೇ ಅಲ್ಲವಲ್ಲ. "ಒಂದು ಮಾತು ಕೇಳು" ಎನ್ನುವಂತಿಲ್ಲ. ಒಲೆಯ ಮುಂದೆ ಕೂತು "ಸಾರು ಆರುತ್ತೆ, ಬೇಗ ಉಣ್ಣು" ಎನ್ನಲು ಹೋಗಿ ಬಾಯಿ ಕಚ್ಚಿಕೊಂಡಳಂತೆ. ಅಪ್ಪ ಮೆಟ್ಟಿಲ ಹತ್ತಿರ ಬಂದಾಗ "ಹತ್ತು" ಎನ್ನುವ ಬದಲು ಅವನ ಕಾಲನ್ನು ಎತ್ತಿ ಇಡುತ್ತಿದ್ದಳು. ಈರಾಚಾರ್ರ ಮನೆಗೆ ಹೋಗಿ, ಕಾಲು ಅಂದರೆ ಏನಾದರೂ ಆಗುತ್ತದೆಯೇ ಎಂದು ಮೊದಲು ಅವರ ಕಾಲನ್ನೂ ಆಮೇಲೆ ಕಾಲು ಸೇರು ಅಳೆಯುವ ಪಾವನ್ನೂ ತೋರಿಸಿ ಸನ್ನೆಯಲ್ಲೇ ಕೇಳಿದಳು. ಕಾಲು, ಅರೆ ಗರದಲ್ಲಿ ಬರುವುದಿಲ್ಲ, ಅವನ್ನು ಹೇಳಬಹುದು ಎಂದು ಅವರು ಸಮಾಧಾನ ಮಾಡಿ ಕಳಿಸಿದರು. ನಿದ್ದೆಯಲ್ಲಿ ಕನವರಿಸಿಬಿಟ್ಟೇನು ಎಂಬ ಹೆದರಿಕೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು.

ಊರು ಅವಳನ್ನು ಸುಮ್ಮನೆ ಬಿಡಲಿಲ್ಲ. ಪಟವಿಲ್ಲದೆ ಜಗಳಗಳು ನಿಂತುಹೋಗಿದ್ದವು, ಬಗೆಹರಿದಿರಲಿಲ್ಲ. ಬೋರಯ್ಯನಿಗೆ ತಮ್ಮನ ಮೇಲೆ ಕೋಪ. ಅವನು ಬೇಕೆಂದೇ ಬುಟ್ಟಿ ಕೊಳ್ಳಲು ಬಂದು, "ಎಷ್ಟವ್ವಾ? ಕಣ್ಣು ಮಂಜು, ಬೆರಳು ಕಾಣಲ್ಲ, ಬಾಯಲ್ಲೇಳು" ಎನ್ನುತ್ತಿದ್ದ. ಒಮ್ಮೆ ನಾಲ್ಕು ಜನರನ್ನು ಕಟ್ಟಿಕೊಂಡು ಅವಳ ಬಾಗಿಲಿಗೇ ಬಂದ. "ಸಾಯಿಸಣ ಅಂತಲೇ ಕರೆದೋಳು ನೀನು. ಈಗೇನು ನಾಟಕ? ಊರಿಗೆ ಪಟ ಬೇಕು. ಹೇಳಿಬಿಡು."

"ಹೇಳ್ಬೇಕು ಅನ್ನಿಸಿದ ದಿನ ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡಳು.

ಹಾಗಂತ ಎಲ್ಲವೂ ಒಳ್ಳೆಯದೇ ಆಯಿತು ಎಂದು ನಾನು ಹೇಳಲಾರೆ. ಕೆಲವು ಜಗಳಗಳು ಮಾತಿನಲ್ಲೇ ಜಗ್ಗಾಡಿ ಜಗ್ಗಾಡಿ ಹಳಸಿಹೋದವು. ಬೋರಯ್ಯನೂ ಅವನ ತಮ್ಮನೂ ನಡುವೆ ಕಳ್ಳಿಬೇಲಿ ಹಾಕಿಕೊಂಡು, ಅದರ ಮೇಲಿಂದ ಬೈದಾಡುತ್ತಲೇ ಮುದುಕರಾದರು. ಆದರೆ ಕೈಲಾಗದವರ ನೆಲವನ್ನು ಬಲವಿದ್ದವರ ಬೇಲಿ ನುಂಗಿದ್ದೂ ಉಂಟು. ಅಂಥವರು ಬಂದು ಅಕ್ಕನ ಮುಂದೆ ಅತ್ತರೆ ಅವಳು ಕುಂಟುತ್ತಾ ಹೋಗಿ ಬಲವಿದ್ದವರ ಜಗಲಿಯ ಮೇಲೆ ಕೂತುಬಿಡುತ್ತಿದ್ದಳು. ಬೈದರೂ ಏಳುತ್ತಿರಲಿಲ್ಲ. ಕೆಲವು ಸಲ ಬೇಲಿ ಹಿಂದೆ ಸರಿಯಿತು, ಕೆಲವು ಸಲ ಇಲ್ಲ.

ಅಕ್ಕನ ಪಾಡು ನನಗೆ ಗೊತ್ತು. ಸುಟ್ಟ ಚಿಪ್ಪಿಗೆ ನೀರು ಹಾಕಿ ಅರಳಿಸುವ ಕೆಲಸವನ್ನು ಒಂದೇ ಕೈಯಲ್ಲಿ ಮಾಡಲು ಕಲಿತಳು. ಬೀದಿಯಲ್ಲಿ ದೇವೀರಿಯ ದನಿ ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಗೋಡೆಗೆ ಆತುಕೊಳ್ಳುತ್ತಿದ್ದಳು, ದನಿ ದೂರವಾದ ಮೇಲೆ ಮತ್ತೆ ಬಗ್ಗುತ್ತಿದ್ದಳು. ಹೆದರಿಕೆಯಾ ಎಂದು ಒಮ್ಮೆ ಕೇಳಿದೆ. "ಅವಳ ಬಾಯಿಗೆ ನಾನು ಬೀಗ ಆಗಿಬಿಟ್ಟೆನಲ್ಲ" ಎಂದಳು. ಒಂದು ಸಲ ದೇವೀರಿಯ ಹತ್ತಿರ ನನ್ನನ್ನೇ ಕಳಿಸಿದ್ದಳು: ಬೇಕಾದರೆ ಹೇಳಿಬಿಡಲಿ, ನನಗೆ ಬೇಸರವಿಲ್ಲ, ಹುಡುಗಿ ನಾಲಿಗೆ ಬಿಚ್ಚಿ ಬಾಳಲಿ ಎಂದು.

ಹೊಳೆಯ ಕಟ್ಟೆಯ ಮೇಲೆ ಬಿದಿರು ನೆನೆಹಾಕುತ್ತಿದ್ದ ದೇವೀರಿಗೆ ಅದನ್ನು ಹೇಳಿದೆ. ಅವಳು ಬಿದಿರಿನ ಮೇಲೆ ಕಲ್ಲು ಹೇರುತ್ತಲೇ ಕೇಳಿಸಿಕೊಂಡಳು.

"ಯಾಕೆ ಹೇಳ್ಲಿಲ್ಲ ದೇವೀರಿ ಅವತ್ತು?" ಎಂದು ನಾನೇ ಕೇಳಿದೆ.

"ಕಿವಿ ತಿರುಗಿಸ್ತಿದ್ಲಲ್ಲ" ಎಂದಳು. "ನಾನು ಬಾಯಿ ತೆಗೆದಾಗೆಲ್ಲ ಕತ್ತು ಹಿಂಗೆ ಮಾಡಿ ಕಿವಿ ಕೊಡ್ತಿದ್ಲು. ನಮ್ಮಪ್ಪನೂ ಹಂಗೇ. ಯಾರು ಮಾತಾಡಿದ್ರೂ ಕಣ್ಣಿಲ್ಲದ ಮುಖಾನ ಆ ಕಡೆ ತಿರುಗಿಸ್ತಾನೆ. ಇವ್ಳನ್ನೂ ಹಂಗೇ ಮಾಡಿ ಇಟ್ಟೆನಲ್ಲ ನಾನು ಅನ್ನಿಸ್ತು." ಇನ್ನೊಂದು ಕಲ್ಲು ಎತ್ತಿಟ್ಟಳು. "ಕ್ಷಮಿಸಿದೀನಿ ಅಂತ ಹೋಗಿ ಹೇಳ್ಬೇಡ. ಕ್ಷಮಿಸಿಲ್ಲ. ಸಾಕಾಯ್ತು, ಅಷ್ಟೇ."

ನಾನು ಅದನ್ನು ಹಾಗೇ ಬಂದು ಹೇಳಿದೆ. ಅಕ್ಕ ತಲೆಯಾಡಿಸಿದಳು.

ದೇವೀರಿ ದೋಣಿ ನಡೆಸುವ ಚಿಕ್ಕೀರನನ್ನು ಮದುವೆಯಾದಳು. ಮುದ್ದಣ್ಣ ತೀರಿಕೊಂಡಾಗ ಅಕ್ಕ ಹೋಗಿ ಎಲ್ಲರಿಗಿಂತ ಹಿಂದೆ, ಆ ಬಿದಿರು ಮೆಳೆಯ ಹತ್ತಿರ ನಿಂತಿದ್ದಳು. ಯಾರೂ ಕರೆಯಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ಅದೇ ವರ್ಷ ದೇವೀರಿಗೆ ಹೆಣ್ಣು ಮಗುವಾಯಿತು. ಅಜ್ಜನ ಹೆಸರನ್ನೇ ತಿರುಗಿಸಿ ಮುದ್ದಿ ಎಂದು ಕರೆದರು.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ನಾನೂ ಅಕ್ಕನೂ ಚಿಪ್ಪು ಆರಿಸುತ್ತಾ ಜಗಲಿಯ ಮೇಲೆ ಕೂತಿದ್ದೆವು. ಅಂಗಳದಲ್ಲಿ ನೆರಳು ಬಿತ್ತು. ನೋಡಿದರೆ ದೇವೀರಿ, ಮಗುವಿನ ಕೈ ಹಿಡಿದುಕೊಂಡು ನಿಂತಿದ್ದಾಳೆ. ಗೊಂಬೆ ಇಡಲು ಬಂದ ದಿನದ ನಂತರ ಅವಳು ನಮ್ಮ ಅಂಗಳ ತುಳಿದದ್ದು ಅದೇ ಮೊದಲು. ಅಕ್ಕನ ಕೈ ಚಿಪ್ಪಿನ ರಾಶಿಯಲ್ಲೇ ನಿಂತಿತು.

"ಇವ್ಳಿಗೆ ಎಣಿಸೋದು ಕಲಿಸ್ಬೇಕು" ಎಂದಳು ದೇವೀರಿ.

ಚಿಕ್ಕೀರ ಕಲಿಸಬಹುದಿತ್ತು. ಓಣಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುವ ಹೆಂಗಸರಿದ್ದರು. ನನಗೂ ಬರುತ್ತಿತ್ತು. ಅವಳು ನೋಡುತ್ತಿದ್ದದ್ದು ಅಕ್ಕನನ್ನು. ಅಕ್ಕ ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಮಗುವಿಗೆ ಜಾಗ ಮಾಡಿದಳು. ಅವಳ ಬಲಗಡೆಗೆ, ಕೇಳುವ ಕಿವಿಯ ಕಡೆಗೆ ಕೂರಿಸಬೇಕಿತ್ತು. ಮಗು ತನಗಿಷ್ಟ ಬಂದಂತೆ ಹೋಗಿ ಎಡಗಡೆ ಕೂತಿತು.

ಅಕ್ಕ ಒಂದು ಚಿಪ್ಪನ್ನು ಎತ್ತಿ ಮಗುವಿನ ಮುಂದಿಟ್ಟು "ಒಂದು" ಎಂದಳು. ಮಗು "ಒಂದು" ಎಂದಿತು. ದೇವೀರಿ ಕಂಬಕ್ಕೆ ಒರಗಿ, ತುಟಿ ಬಿಗಿದುಕೊಂಡು ನೋಡುತ್ತಿದ್ದಳು. ಎರಡು, ಮೂರು ಬಂದವು. ನಾಲ್ಕು ತಪ್ಪಿತು, ಮತ್ತೆ ಮೊದಲಿನಿಂದ. ಸ್ವಲ್ಪ ಹೊತ್ತಿಗೆ ಮಗು ಅಕ್ಕನಿಗಿಂತ ಮುಂದೆ ಓಡತೊಡಗಿತು, ಚಿಪ್ಪು ಇಡುವ ಮೊದಲೇ ಕೂಗುತ್ತಿತ್ತು. ಆರರ ಚಿಪ್ಪಿನ ಪಕ್ಕಕ್ಕೆ ಇನ್ನೊಂದು ಬರುವಷ್ಟರಲ್ಲಿ ಅಕ್ಕನ ಎಡಗಿವಿಯ ಹತ್ತಿರವೇ ಬಾಯಿಟ್ಟು ಗಟ್ಟಿಯಾಗಿ ಏನೋ ಅಂದಿತು. ಅಕ್ಕನಿಗೆ ಕೇಳಿಸಲಿಲ್ಲ. ಮಗು ಅವಳ ತೋಳು ಹಿಡಿದು ಜಗ್ಗಿ, ಎದುರಿಗೆ ಬಂದು ನಿಂತು, ಇನ್ನೂ ಜೋರಾಗಿ ಕೂಗಿತು:

"ಏಳು! ಅಜ್ಜೀ, ಏಳು!"

ಅಕ್ಕ ಗಾಬರಿಯಾಗಿ ಬಲಗೈಯನ್ನು ಜಗಲಿಗೆ ಊರಿ ಏಳಲು ಹೊರಟಳು. ಬಾರದ ಮಂಡಿಯನ್ನು ಎಳೆದುಕೊಂಡು ಅರ್ಧ ಎದ್ದೇಬಿಟ್ಟಳು. ಮಗು ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಮೇಲೇಳೋ ಏಳಲ್ಲ ಅಜ್ಜಿ! ಎಣಿಸೋ ಏಳು!"

ಅಕ್ಕ ವಾಲಿದಳು. ನಾನು ಏಳುವಷ್ಟರಲ್ಲಿ ದೇವೀರಿ ಕಂಬ ಬಿಟ್ಟು ಬಂದು ಅವಳ ರಟ್ಟೆಯನ್ನು ಹಿಡಿದಾಗಿತ್ತು. ಇಬ್ಬರ ಮುಖಗಳೂ ಹತ್ತಿರವಿದ್ದವು. ದೇವೀರಿಯ ತುಟಿಯ ಬಿಗಿ ಸಡಿಲವಾಗುತ್ತಿತ್ತು. ನಗುತ್ತಾಳೋ ಅಳುತ್ತಾಳೋ ನನಗೆ ತಿಳಿಯಲಿಲ್ಲ. ಅವಳು ಅಕ್ಕನನ್ನು ಮೆಲ್ಲಗೆ ಕೆಳಗಿಳಿಸಿದಳು, ಸುಣ್ಣ ಮೆತ್ತಿದ ಸೆರಗನ್ನು ಹೆಗಲ ಮೇಲೆ ಸರಿಮಾಡಿದಳು, ಬಲಗಿವಿಯ ಕಡೆಗೆ ಬಗ್ಗಿದಳು.

"ಕೂತ್ಕೊಳಕ್ಕಾ" ಎಂದಳು. "ಕೂತ್ಕೊಂಡೇ ಕಲಿಸು."